ಪ್ರಕಟಣೆ ಹೊರಟಿತು, ಊರಿಗೆ ಮುಟ್ಟಿತೇ? ಸರ್ಕಾರಿ ಇಲಾಖೆಯ ಸಂವಹನ ಯೋಜಕರ ಕೆಲಸ: ತಿಳಿಯಬೇಕಾದ್ದು ಇಷ್ಟು

ಮಂಡ್ಯ: ಹೊಳೆಗೆ ನೀರು ಬಿಡ್ತಾರಂತೆ, ನಾಲೆಗೆ ನೀರು ನಿಲ್ಲಿಸ್ತಾರಂತೆ, ನಾಳೆ ಕರೆಂಟ್ ಇರಲ್ವಂತೆ. ನಮ್ಮ ತಾಲ್ಲೂಕುಗಳಲ್ಲಿ ಸರ್ಕಾರದ ಎಷ್ಟೋ ಸುದ್ದಿ ಜನರಿಗೆ ಸಿಗುವುದು ಈ ‘ಅಂತೆ’ಯಲ್ಲೇ. ಇಲಾಖೆಯವರನ್ನು ಕೇಳಿದರೆ ‘ಪ್ರಕಟಣೆ ಕೊಟ್ಟಿದ್ದೀವಲ್ಲ’ ಅಂತಾರೆ. ಅಂಗಡಿಯವರನ್ನು ಕೇಳಿದರೆ ‘ನಮಗೆ ಯಾರೂ ಹೇಳ್ಲಿಲ್ಲ’ ಅಂತಾರೆ. ಎಷ್ಟೋ ಸಲ ಇಬ್ಬರ ಮಾತೂ ನಿಜ. ಪ್ರಕಟಣೆ ಹೊರಟಿರುತ್ತೆ, ಆದರೆ ಬೇಕಾದವರಿಗೆ ಬೇಕಾದ ಹೊತ್ತಿಗೆ ಮುಟ್ಟಿರುವುದಿಲ್ಲ. ಈ ನಡುವಿನ ದಾರಿಯನ್ನು ಮೊದಲೇ ಯೋಚಿಸಿ ಇಡುವುದೇ ಸಂವಹನ ಯೋಜಕರ ಕೆಲಸ.

ಏನಿದು ಕೆಲಸ?

ಪತ್ರಿಕಾ ಪ್ರಕಟಣೆ ಬರೆಯುವುದು, ಫ್ಲೆಕ್ಸ್ ಕಟ್ಟಿಸುವುದು, ಸಮಾರಂಭದ ಫೋಟೋ ಕಳಿಸುವುದು ಇದರ ಒಂದು ಭಾಗ ಅಷ್ಟೇ. ಅದಕ್ಕೂ ಮುಂಚೆ ಐದು ಪ್ರಶ್ನೆಗೆ ಉತ್ತರ ಸಿಕ್ಕಿರಬೇಕು. ಯಾರಿಗೆ ಗೊತ್ತಾಗಬೇಕು? ಗೊತ್ತಾದ ಮೇಲೆ ಅವರು ಏನು ಮಾಡಬೇಕು? ಯಾವ ಹೊತ್ತಿನೊಳಗೆ? ಯಾರು ಹೇಳಿದರೆ ಅವರು ನಂಬುತ್ತಾರೆ? ಮುಟ್ಟಿತು ಅನ್ನುವುದು ಇಲಾಖೆಗೆ ಹೇಗೆ ತಿಳಿಯುತ್ತದೆ? ಇವುಗಳಲ್ಲಿ ಕೊನೆಯದನ್ನು ಬಿಟ್ಟರೆ ಉಳಿದ ನಾಲ್ಕಕ್ಕೂ ಬೆಲೆ ಇಲ್ಲ.

ಜಿಲ್ಲೆಯಲ್ಲಿ ಯಾರು ಮಾಡ್ತಾರೆ?

‘ಸಂವಹನ ಯೋಜಕ’ ಅನ್ನುವ ಬೋರ್ಡು ತಾಲ್ಲೂಕು ಕಚೇರಿಯಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಕೆಲಸ ಹಲವರ ಕೈಯಲ್ಲಿ ಹಂಚಿಹೋಗಿದೆ. ಜಿಲ್ಲಾ ಮಟ್ಟದಲ್ಲಿ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಕಚೇರಿ ಇದೆ. ಜನ ಅದನ್ನು ಚಿಕ್ಕದಾಗಿ ‘ವಾರ್ತಾ ಇಲಾಖೆ’ ಅಂತಾರೆ. ‘ಜನಪದ’ ಮಾಸಪತ್ರಿಕೆ ಹೊರತರುವುದೂ ಇದೇ ಇಲಾಖೆ. ಆರೋಗ್ಯ ಇಲಾಖೆಯಲ್ಲಿ ಆರೋಗ್ಯ ಶಿಕ್ಷಣಾಧಿಕಾರಿಗಳಿದ್ದಾರೆ. ಮತದಾರರ ಜಾಗೃತಿಗೆ ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಹಣಾಧಿಕಾರಿ ಅಧ್ಯಕ್ಷತೆಯ ಸ್ವೀಪ್ ಸಮಿತಿ ಇರುತ್ತದೆ. ನರೇಗಾ ಯೋಜನೆಗೆಂದು ತಾಲ್ಲೂಕು ಪಂಚಾಯಿತಿಗಳಲ್ಲಿ ಐಇಸಿ ಸಂಯೋಜಕರನ್ನು ನೇಮಿಸಿಕೊಂಡಿದ್ದರು. ಐಇಸಿ ಅಂದರೆ ಮಾಹಿತಿ, ಶಿಕ್ಷಣ, ಸಂವಹನ.

ಇವರೆಲ್ಲರ ಮಾತು ಕೊನೆಗೆ ಊರಿಗೆ ಹೋಗುವುದು ಗ್ರಾಮ ಆಡಳಿತ ಅಧಿಕಾರಿ, ಪಿಡಿಒ, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ನೀರುಗಂಟಿಗಳ ಬಾಯಿಂದ. ಯೋಜನೆ ಬೆಂಗಳೂರಲ್ಲೇ ಆಗಲಿ, ಮಂಡ್ಯದಲ್ಲೇ ಆಗಲಿ, ಕೊನೆಯ ಮೈಲಿ ನಡೆಯುವವರು ಇವರೇ.

ಶ್ರೀರಂಗಪಟ್ಟಣ: ಹೊಳೆ ಉಕ್ಕಿದಾಗ

ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ಸಾಮರ್ಥ್ಯ 49.45 ಟಿಎಂಸಿ. ಇದು ಜಿಲ್ಲೆಯಲ್ಲಿ ಮಕ್ಕಳಿಗೂ ಬಾಯಿಪಾಠ. 2025ರಲ್ಲಿ ಜೂನ್ ತಿಂಗಳಲ್ಲೇ ಕಟ್ಟೆ ತುಂಬಿ, ಜೂನ್ 30ರಂದು ಮುಖ್ಯಮಂತ್ರಿ ಬಾಗಿನ ಅರ್ಪಿಸಿದರು. ಜೂನ್‌ನಲ್ಲಿ ತುಂಬಿದ್ದು ಅದೇ ಮೊದಲು. ಅದಕ್ಕೂ ಹಿಂದಿನ ವರ್ಷ, 2024ರ ಜುಲೈ ಕೊನೆಗೆ, ಹೊರಹರಿವು 1 ಲಕ್ಷ ಕ್ಯೂಸೆಕ್ ದಾಟಿತ್ತು.

ಆದರೆ 1 ಲಕ್ಷ ಕ್ಯೂಸೆಕ್ ಅಂದರೆ ಎಷ್ಟು ನೀರು? ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಆ ಲೆಕ್ಕದಲ್ಲಿ ಸೆಕೆಂಡಿಗೆ 28 ಲಕ್ಷ ಲೀಟರ್, ದಿನಕ್ಕೆ 8.64 ಟಿಎಂಸಿ. ಎಂಜಿನಿಯರಿಗೆ ಈ ಅಂಕಿ ಸಾಕು. ನಿಮಿಷಾಂಬ ದೇವಸ್ಥಾನದ ಹತ್ತಿರ ತೆಂಗಿನಕಾಯಿ, ಹೂವು ಮಾರುವವರಿಗೆ ಬೇಕಾದ್ದು ಬೇರೆ: ನೀರು ಯಾವ ಮೆಟ್ಟಿಲಿನವರೆಗೆ ಬರುತ್ತೆ? ಎಷ್ಟು ಗಂಟೆಗೆ? ಸಾಮಾನು ಈಗಲೇ ಎತ್ತಬೇಕಾ, ಬೆಳಿಗ್ಗೆ ಎತ್ತಿದರೆ ಆಗುತ್ತಾ?

‘ಒಳಹರಿವು ಹೆಚ್ಚಾಗಿರುವುದರಿಂದ ನದಿ ಪಾತ್ರದ ಜನರು ಸುರಕ್ಷಿತ ಸ್ಥಳಗಳಿಗೆ ತೆರಳತಕ್ಕದ್ದು’ ಎನ್ನುವ ಧಾಟಿಯ ಪ್ರಕಟಣೆ ಎಲ್ಲರೂ ನೋಡಿರುವುದೇ. ಯೋಜಕರು ಮಾಡಬೇಕಾದ್ದು ಇದನ್ನು ಕೆಲಸಕ್ಕೆ ಬರುವ ಮಾತಾಗಿ ಬದಲಿಸುವುದು. ಮಾದರಿಗೆ ಹೀಗೆ: ‘ಇವತ್ತು ಸಂಜೆಯಿಂದ ಹೊಳೆ ಏರುತ್ತೆ. ಸ್ನಾನಘಟ್ಟಕ್ಕೆ ಯಾರೂ ಇಳಿಯಬೇಡಿ. ದಂಡೆಯ ಅಂಗಡಿಯವರು ಕತ್ತಲಾಗುವ ಮುಂಚೆ ಸಾಮಾನು ಎತ್ತಿಕೊಳ್ಳಿ. ಪಂಪ್‌ಸೆಟ್, ದನಕರು ದಂಡೆಯಲ್ಲಿ ಬಿಡಬೇಡಿ. ಮುಂದಿನ ಮಾಹಿತಿ ರಾತ್ರಿ 8ಕ್ಕೆ.’ ಇದರಲ್ಲಿ ಬೆಲೆಬಾಳುವ ಸಾಲು ಕೊನೆಯದು. ಮುಂದಿನ ಮಾತು ಯಾವಾಗ ಬರುತ್ತೆ ಅಂತ ಗೊತ್ತಿದ್ದರೆ ನಡುವೆ ಹಬ್ಬುವ ಗಾಳಿಸುದ್ದಿಗೆ ಕಿವಿ ಕೊಡುವವರು ಕಮ್ಮಿ.

ರಂಗನತಿಟ್ಟಿನಲ್ಲಿ ದೋಣಿವಿಹಾರ ನಿಲ್ಲಿಸಿದಾಗಲೂ ಅಷ್ಟೇ. ದೂರದಿಂದ ಬಂದ ಪ್ರವಾಸಿ ಗೇಟಿನ ಹತ್ತಿರ ಬಂದು ಸುದ್ದಿ ತಿಳಿದು ವಾಪಸ್ ಹೋದರೆ ನಷ್ಟ ಅವನೊಬ್ಬನದ್ದಲ್ಲ. ಆಟೋದವರು, ಹೋಟೆಲಿನವರು, ಎಳನೀರು ಮಾರುವವರು, ಎಲ್ಲರ ದಿನವೂ ಕೆಡುತ್ತೆ.

ಪಾಂಡವಪುರ: ನಾಲೆ ನೀರಿನ ಮಾತು

ಇಲ್ಲಿ ಅಪಾಯ ಒಂದೇ ರಾತ್ರಿಯಲ್ಲಿ ಬರುವುದಿಲ್ಲ, ಒಂದು ಬೆಳೆಯ ಅವಧಿಯಲ್ಲಿ ಬರುತ್ತೆ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಡುವುದು ನೀರಾವರಿ ಸಲಹಾ ಸಮಿತಿಯಲ್ಲಿ ತೀರ್ಮಾನವಾಗುತ್ತದೆ, ಜಾರಿ ಮಾಡುವುದು ಕಾವೇರಿ ನೀರಾವರಿ ನಿಗಮ. ನೀರು ಕಮ್ಮಿ ಇದ್ದಾಗ ಕಟ್ಟು ಪದ್ಧತಿ, ಅಂದರೆ ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸುವುದು.

ತೀರ್ಮಾನ ಒಂದು ವಾರ ತಡವಾಗಿ ಊರಿಗೆ ಮುಟ್ಟಿದರೆ ಏನಾಗುತ್ತೆ? ರೈತ ಅಷ್ಟರಲ್ಲಿ ಭತ್ತದ ಒಟ್ಲು ಹಾಕಿರುತ್ತಾನೆ. ಗೊಬ್ಬರದ ಅಂಗಡಿಯವರು ಸಾಲದ ಮೇಲೆ ದಾಸ್ತಾನು ತರಿಸಿರುತ್ತಾರೆ. ಟ್ರ್ಯಾಕ್ಟರಿಗೆ ಮುಂಗಡ ಕೊಟ್ಟಾಗಿರುತ್ತೆ. ಆಮೇಲೆ ‘ಬೇಸಿಗೆ ಬೆಳೆಗೆ ನೀರಿಲ್ಲ’ ಅಂದರೆ ಆ ದುಡ್ಡು ತುಂಬಿಕೊಡುವವರು ಯಾರೂ ಇಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದ್ದರು. ಅಂಥ ವರ್ಷ ‘ನೀರಿಲ್ಲ’ ಅನ್ನುವ ಮಾತನ್ನು ಬೇಗ, ಖಚಿತವಾಗಿ ಹೇಳುವುದೂ ರೈತನಿಗೆ ಮಾಡುವ ಸಹಾಯವೇ.

ಕೆಟ್ಟ ಸುದ್ದಿ ಹೇಳಲು ಯಾವ ಇಲಾಖೆಗೂ ಮನಸ್ಸು ಬರುವುದಿಲ್ಲ. ಒಳ್ಳೆ ಸುದ್ದಿಗೆ ಫ್ಲೆಕ್ಸ್ ಬೀಳುತ್ತೆ, ಕೆಟ್ಟ ಸುದ್ದಿಗೆ ಸಣ್ಣ ಪ್ರಕಟಣೆ. ಒಬ್ಬ ಯೋಜಕನ ಯೋಗ್ಯತೆ ತಿಳಿಯುವುದು ಇಲ್ಲೇ: ಬೇಡವಾದ ಮಾತನ್ನೂ ಸಮಯಕ್ಕೆ ಹೇಳುವಂತೆ ಮೇಲಿನವರನ್ನು ಒಪ್ಪಿಸುತ್ತಾನಾ, ಇಲ್ವಾ?

ಕೆ.ಆರ್.ಪೇಟೆ: ಯಾವ ನಾಲೆ, ಯಾವ ಜಾಗ

‘ನಾಲೆಗೆ ನೀರು ಬಿಡಲಾಗುವುದು’ ಎಂಬ ಒಂದು ಸಾಲು ಪಾಂಡವಪುರದಲ್ಲಿ ಹೆಚ್ಚುಕಮ್ಮಿ ಅರ್ಥವಾದೀತು. ಕೆ.ಆರ್.ಪೇಟೆಯಲ್ಲಿ ಆಗಲ್ಲ. ಗೊರೂರಿನ ಹೇಮಾವತಿ ಜಲಾಶಯದ ಎಡದಂಡೆ ನಾಲೆ ಒಂದು ಕಡೆ, ಹೊಳೆಗೆ ಅಡ್ಡ ಕಟ್ಟಿದ ಮಂದಗೆರೆ, ಹೇಮಗಿರಿ ಅಣೆಗಳ ಹಳೇ ನಾಲೆಗಳು ಇನ್ನೊಂದು ಕಡೆ. ನಾಲೆಯ ಹೆಸರು, ಯಾವ ಊರಿನಿಂದ ಯಾವ ಊರಿನವರೆಗೆ, ಕೊನೇ ಭಾಗಕ್ಕೆ ಯಾವತ್ತು ಮುಟ್ಟುತ್ತೆ ಅಂತ ಬಿಡಿಸಿ ಹೇಳದಿದ್ದರೆ ಆ ಪ್ರಕಟಣೆ ಇದ್ದೂ ಇಲ್ಲದಂತೆ.

ಹೇಳುವ ಜಾಗವೂ ಮುಖ್ಯ. ಗ್ರಾಮ ಪಂಚಾಯಿತಿ ನೋಟಿಸ್ ಬೋರ್ಡ್ ಮುಂದೆ ನಿಂತು ಓದುವವರು ಎಷ್ಟು ಜನ? ಅದೇ ಹಾಲಿನ ಡೇರಿಗೆ ದಿನಕ್ಕೆ ಎರಡು ಹೊತ್ತು ಜನ ಬಂದೇ ಬರುತ್ತಾರೆ, ಅದರಲ್ಲಿ ಹೆಂಗಸರೂ ಇರುತ್ತಾರೆ. ನ್ಯಾಯಬೆಲೆ ಅಂಗಡಿ, ಸೊಸೈಟಿ, ರೈತ ಸಂಪರ್ಕ ಕೇಂದ್ರ, ಸಂತೆ, ಹೇಮಗಿರಿ ದನಗಳ ಜಾತ್ರೆ, ಇವೆಲ್ಲ ಜನ ತಾವಾಗಿ ಸೇರುವ ಜಾಗಗಳು. ಆಟೋಗೆ ಮೈಕ್ ಕಟ್ಟಿ ಸಾರುವುದು, ತಮಟೆ ಹೊಡೆಸುವುದು ಹಳೇದಾಯಿತು ಅನ್ನುವ ಹಾಗಿಲ್ಲ. ಸ್ಮಾರ್ಟ್‌ಫೋನ್ ಇಲ್ಲದ ಅಜ್ಜಿಗೆ ಕೇಳಿಸುವುದು ಅದೇ.

ಹೊಸ ಮಾಧ್ಯಮವನ್ನು ಮೊದಲು ಹಿಡಿದ ನೆನಪೂ ಈ ಸೀಮೆಗಿದೆ. ಮೈಸೂರಿನಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದಲೇ ದೇಶಕ್ಕೆಲ್ಲ ಹೋಯಿತು. ಇವತ್ತಿಗೂ ಗದ್ದೆಯಲ್ಲಿ ರೇಡಿಯೋ ಕೇಳುವವರಿದ್ದಾರೆ.

ನಾಗಮಂಗಲ: ಗಾಳಿಸುದ್ದಿಗಿಂತ ಮುಂಚೆ

2024ರ ಸೆಪ್ಟೆಂಬರ್ 11ರ ರಾತ್ರಿ ಗಣೇಶ ವಿಸರ್ಜನೆ ಮೆರವಣಿಗೆ ವೇಳೆ ನಾಗಮಂಗಲದಲ್ಲಿ ಗಲಭೆ ನಡೆದು ಅಂಗಡಿ, ವಾಹನಗಳಿಗೆ ಬೆಂಕಿ ಬಿತ್ತು. ಪಟ್ಟಣದಲ್ಲಿ ನಿಷೇಧಾಜ್ಞೆ ಜಾರಿಯಾಯಿತು. ಅಂಥ ದಿನ ಒಬ್ಬ ವ್ಯಾಪಾರಿಯ ತಲೆಯಲ್ಲಿರುವುದು ಎರಡೇ ಪ್ರಶ್ನೆ: ಬಾಗಿಲು ಯಾವಾಗ ತೆಗೀಬಹುದು? ಮಕ್ಕಳಿಗೆ ಸ್ಕೂಲಿದೆಯಾ?

ಇದಕ್ಕೆ ಅಧಿಕೃತ ಉತ್ತರ ಬರುವ ಮುಂಚೆ ಮೊಬೈಲಿನಲ್ಲಿ ಹತ್ತು ಉತ್ತರ ಬಂದಿರುತ್ತವೆ, ಹಳೇ ವಿಡಿಯೋ, ಬೇರೆ ಊರಿನ ಫೋಟೋ ಸಮೇತ. ಹಾಗಾಗಿ ಇಂಥ ಹೊತ್ತಿಗೆ ಬೇಕಾದ ಯೋಜನೆ ಹಬ್ಬಕ್ಕೂ ಮುಂಚೆ ಸಿದ್ಧವಿರಬೇಕು. ಮಾತಾಡುವವರು ಒಬ್ಬರೇ ಇರಬೇಕು, ಅವರು ಯಾರು ಅಂತ ಮೊದಲೇ ಗೊತ್ತಿರಬೇಕು. ವರ್ತಕರ ಸಂಘ, ಎಲ್ಲ ಸಮುದಾಯದ ಮುಖಂಡರ ನಂಬರ್ ಕೈಯಲ್ಲಿರಬೇಕು. ಗೊತ್ತಿರುವುದನ್ನು ಗೊತ್ತಿದೆ ಎಂದೂ, ಗೊತ್ತಿಲ್ಲದ್ದನ್ನು ‘ಇನ್ನೂ ವಿಚಾರಿಸುತ್ತಿದ್ದೇವೆ’ ಎಂದೂ ಹೇಳಬೇಕು. ಸರ್ಕಾರ ಸುಮ್ಮನಿದ್ದ ಪ್ರತಿ ಗಂಟೆಯೂ ಗಾಳಿಸುದ್ದಿಯ ಪಾಲಾಗುತ್ತದೆ.

ಕಾನೂನು ಏನು ಹೇಳುತ್ತೆ?

ಇದು ಇಲಾಖೆ ಇಷ್ಟ ಬಂದರೆ ಮಾಡುವ, ಇಲ್ಲದಿದ್ದರೆ ಬಿಡುವ ಕೆಲಸ ಅಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರ 4ನೇ ಸೆಕ್ಷನ್ ಪ್ರಕಾರ ಯಾರೂ ಅರ್ಜಿ ಹಾಕದಿದ್ದರೂ ಕಚೇರಿಗಳು ತಾವಾಗಿ ಮಾಹಿತಿ ಪ್ರಕಟಿಸಬೇಕು. ಅದರ 4ನೇ ಉಪಸೆಕ್ಷನ್ ಇನ್ನೂ ಮುಂದೆ ಹೋಗಿ, ಖರ್ಚು, ಸ್ಥಳೀಯ ಭಾಷೆ ಮತ್ತು ಆ ಪ್ರದೇಶಕ್ಕೆ ಹೆಚ್ಚು ಪರಿಣಾಮಕಾರಿಯಾದ ವಿಧಾನ, ಈ ಮೂರನ್ನೂ ನೋಡಿ ಮಾಹಿತಿ ಮುಟ್ಟಿಸಬೇಕು ಎನ್ನುತ್ತದೆ. ವೆಬ್‌ಸೈಟಿಗೆ ಒಂದು ಫೈಲ್ ಹಾಕಿ ಕೈತೊಳೆದುಕೊಳ್ಳುವುದು ಇದಕ್ಕೆ ಸಾಲದು.

ಮಿತಿಯೂ ಇದೆ. ಸರ್ಕಾರಿ ಜಾಹೀರಾತು ಪಕ್ಷದ ಪ್ರಚಾರ ಆಗಬಾರದು ಎಂದು ಸುಪ್ರೀಂ ಕೋರ್ಟ್ 2015ರ ಮೇ 13ರಂದು ಮಾರ್ಗಸೂಚಿ ಕೊಟ್ಟಿದೆ. ಚುನಾವಣೆ ನೀತಿ ಸಂಹಿತೆ ಇರುವಾಗ ಸರ್ಕಾರಿ ದುಡ್ಡಿನಲ್ಲಿ ಸಾಧನೆಯ ಜಾಹೀರಾತು ಹಾಕುವಂತಿಲ್ಲ. ಸಾಹೇಬರ ಹೆಸರು ದೊಡ್ಡದಾಗಿ, ಅರ್ಜಿಯ ಕೊನೇ ದಿನಾಂಕ ಚಿಕ್ಕದಾಗಿ ಇರುವ ಪೋಸ್ಟರ್ ಯಾರ ಕೆಲಸಕ್ಕೆ ಅನ್ನುವುದನ್ನು ಓದುಗರೇ ಹೇಳಬಹುದು.

ಈ ಕೆಲಸಕ್ಕೆ ಸೇರುವುದು ಹೇಗೆ?

ಪತ್ರಿಕೋದ್ಯಮ, ಸಮೂಹ ಸಂವಹನ, ಸಮಾಜಕಾರ್ಯ ಓದಿದವರಿಗೆ ಅವಕಾಶ ಹೆಚ್ಚು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಪತ್ರಿಕೋದ್ಯಮದ ಸ್ನಾತಕೋತ್ತರ ವಿಭಾಗವಿದೆ. ಕಾಯಂ ಹುದ್ದೆಗಳಿಗೆ ಸರ್ಕಾರದ ನೇಮಕಾತಿ ಅಧಿಸೂಚನೆ ಕಾಯಬೇಕು. ಯೋಜನೆಗಳ ಐಇಸಿ ಹುದ್ದೆಗಳು ಬಹುಮಟ್ಟಿಗೆ ಗುತ್ತಿಗೆಯವು, ಯೋಜನೆ ಮುಗಿದರೆ ಕೆಲಸವೂ ಮುಗಿಯಬಹುದು ಎಂಬುದು ತಿಳಿದಿರಲಿ. ಪರಿಶಿಷ್ಟ ಜಾತಿ, ಪಂಗಡದ ಪತ್ರಿಕೋದ್ಯಮ ಪದವೀಧರರ ಅಪ್ರೆಂಟಿಸ್ ತರಬೇತಿಗೆ ವಾರ್ತಾ ಇಲಾಖೆ ಅರ್ಜಿ ಕರೆಯುವುದುಂಟು.

ಡಿಗ್ರಿ ಜೊತೆಗೆ ಬೇಕಾದ್ದು ಸರಳ ಕನ್ನಡ, ಊರಿನ ಪರಿಚಯ ಮತ್ತು ‘ಸಾರ್, ಇದು ಜನಕ್ಕೆ ಅರ್ಥ ಆಗಲ್ಲ’ ಅಂತ ಮೇಲಧಿಕಾರಿಗೆ ಹೇಳುವ ಧೈರ್ಯ.

ಓದುಗರು, ಅಂಗಡಿಯವರು ಏನು ಮಾಡಬಹುದು?

* ಫಾರ್ವರ್ಡ್ ಬಂದ ಆದೇಶದಲ್ಲಿ ದಿನಾಂಕ, ಪತ್ರ ಸಂಖ್ಯೆ, ಸಹಿ, ಕಚೇರಿ ಹೆಸರು ಇದೆಯಾ ನೋಡಿ. ಇದ್ದರೂ ಅನುಮಾನ ಬಂದರೆ ಆ ಕಚೇರಿಗೇ ಫೋನ್ ಮಾಡಿ ಕೇಳಿ. ಖಾತ್ರಿ ಆಗುವವರೆಗೆ ಮುಂದಕ್ಕೆ ಕಳಿಸಬೇಡಿ.
* ಕರೆಂಟ್ ವಿಚಾರಕ್ಕೆ ಸೆಸ್ಕ್ ಸಹಾಯವಾಣಿ 1912, ಪ್ರವಾಹ, ವಿಪತ್ತಿಗೆ ಜಿಲ್ಲಾ ನಿಯಂತ್ರಣ ಕೊಠಡಿ 1077, ತುರ್ತಿಗೆ 112, ಸರ್ಕಾರಿ ಸೇವೆಯ ದೂರಿಗೆ 1902.
* ಅಧಿಕೃತ ಪ್ರಕಟಣೆಯ ಪ್ರತಿಯನ್ನು ಅಂಗಡಿ ಮುಂದೆ ಅಂಟಿಸಿ. ದಿನಾಂಕ ಮುಗಿದ ಮೇಲೆ ತೆಗೆಯುವುದನ್ನು ಮರೀಬೇಡಿ.
* ಗ್ರಾಮಸಭೆಯಲ್ಲಿ ‘ಈ ಸುದ್ದಿ ನಮಗೆ ಮುಟ್ಟಲಿಲ್ಲ’ ಎಂದು ಹೇಳಿ, ನಡಾವಳಿಯಲ್ಲಿ ಬರೆಸಿ.
* ಪ್ರಚಾರಕ್ಕೆ ಎಷ್ಟು ಖರ್ಚಾಯಿತು, ಯಾವ ಊರಲ್ಲಿ ಏನು ಮಾಡಿದರು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಲಿ.

ಮುಂದಿನ ಸಲ ಹೊಳೆ ಏರಿದಾಗಲೋ, ನಾಲೆ ನಿಂತಾಗಲೋ ಇಲಾಖೆಯವರನ್ನು ‘ಪ್ರಕಟಣೆ ಕೊಟ್ಟಿರಾ?’ ಎಂದು ಕೇಳಿದರೆ ಸಾಲದು. ‘ಯಾರಿಗೆ ಮುಟ್ಟಿತು, ಎಷ್ಟು ಗಂಟೆಗೆ ಮುಟ್ಟಿತು?’ ಎಂದು ಕೇಳಬೇಕು. ಆ ಪ್ರಶ್ನೆಗೆ ಉತ್ತರ ಕೊಡಬಲ್ಲ ಕಚೇರಿಯಲ್ಲಿ ಸಂವಹನ ಯೋಜಕರು ಕೆಲಸ ಮಾಡಿದ್ದಾರೆ ಎಂದೇ ಅರ್ಥ, ಅವರ ಹುದ್ದೆಯ ಹೆಸರು ಏನೇ ಇರಲಿ.