ಸಿಕ್ಕ ಕಾಗದ, ಸಿಗದ ಪುಸ್ತಕ

ಲಂಡನ್ನಿನಲ್ಲಿದ್ದ ಜರ್ಮನ್ ಪಾದ್ರಿಯೊಬ್ಬರಿಗೆ ಗಾಂಧೀಜಿ 1934ರ ನವೆಂಬರ್ 1ರಂದು ಬರೆದ ಉತ್ತರ ಅವರ ಸಮಗ್ರ ಬರಹಗಳಲ್ಲಿದೆ. ಕಾಗದದಲ್ಲಿ ಅಧ್ಯಾತ್ಮದ ಸುಳಿವಿಲ್ಲ, ಬರೀ ಲೆಕ್ಕಾಚಾರ. ಹೋಗಿಬರುವ ಖರ್ಚು ನಿಮ್ಮದು. ಇಲ್ಲಿ ತಲೆಗೆ ತಿಂಗಳಿಗೆ 100 ರೂಪಾಯಿ ಮೀರದು, ಅರ್ಧಕ್ಕೇ ಮುಗಿದರೂ ಮುಗಿಯಿತು. ಚಳಿ ಇರುವಾಗಲೇ ಬಂದರೆ ಒಳ್ಳೆಯದು. ನಾನು ಜೈಲಿನ ಹೊರಗಿದ್ದು ಒಂದೆಡೆ ನೆಲೆನಿಂತಿದ್ದರೆ ನನ್ನ ಜೊತೆಗೇ ಇರಬಹುದು. ಆಶ್ರಮದ ಸಾದಾ ಸಸ್ಯಾಹಾರ ಒಗ್ಗುವುದಾದರೆ ಊಟ-ವಸತಿಗೆ ಕಾಸು ಬೇಡ.

ಆ ಪಾದ್ರಿಯೇ ಡೀಟ್ರಿಕ್ ಬೋನ್‌ಹೋಫರ್. ಆಗ ವಯಸ್ಸು 28. ಹಿಟ್ಲರನಿಗೆ ತಲೆಬಾಗುತ್ತಿದ್ದ ತಮ್ಮ ನಾಡಿನ ಚರ್ಚಿನ ಬಗ್ಗೆ ರೋಸಿಹೋಗಿದ್ದವರು. ಉತ್ತರವೇನೋ ಇದೆ, ಅವರು ಬರೆದದ್ದೆಲ್ಲಿ? ಅದು ಕಳೆದೇಹೋಯಿತೆಂದು ಬಹುಕಾಲ ನಂಬಲಾಗಿತ್ತು. ಈಚೆಗಷ್ಟೇ ಬೆಳಕಿಗೆ ಬಂದ ಆ ಕಾಗದದ ತಾರೀಖು 1934ರ ಅಕ್ಟೋಬರ್ 17. ಪಶ್ಚಿಮದ ಕ್ರೈಸ್ತಧರ್ಮ ಪರ್ವತ ಪ್ರಸಂಗದ ತಳಹದಿಯ ಮೇಲೆ ಮರುಹುಟ್ಟು ಪಡೆಯಬೇಕು, ಅದು ಹೇಗೆಂಬುದನ್ನು ನಿಮ್ಮಿಂದ ಕಲಿಯಬೇಕು ಎಂಬುದು ಅದರ ತಿರುಳು. ಯೇಸುವಿನ ಬೋಧನೆಯನ್ನು ಬಾಳುವುದು ಹೇಗೆಂದು ಪಾದ್ರಿಯೊಬ್ಬರು ಒಬ್ಬ ಹಿಂದೂವನ್ನು ಕೇಳುತ್ತಿದ್ದಾರೆ!

ಬೋನ್‌ಹೋಫರ್ ಬರಲಿಲ್ಲ. 1935ರಲ್ಲಿ ಜರ್ಮನಿಗೆ ಮರಳಿ, ನಾಜಿಗಳಿಗೆ ಮಣಿಯದ ಪಾದ್ರಿಗಳಿಗಾಗಿ ಫಿಂಕನ್‌ವಾಲ್ಡೆಯಲ್ಲಿ ಶಾಲೆ ನಡೆಸಿದರು. 1937ರಲ್ಲಿ ಗೆಸ್ಟಾಪೊ ಅದಕ್ಕೆ ಬೀಗ ಹಾಕಿತು. ಅಲ್ಲಿನ ಕೂಡುಬಾಳುವೆಯಲ್ಲಿ ಸಾಬರಮತಿಯ ನೆರಳನ್ನು ಕಾಣುವ ಆಸೆ ನನಗೂ ಆಗುತ್ತದೆ. ಆದರೆ ಅದಕ್ಕೆ ಮುಂಚೆ ಅವರು ಇಂಗ್ಲೆಂಡಿನ ಆಂಗ್ಲಿಕನ್ ಮಠಗಳನ್ನೂ ನೋಡಿ ಬಂದಿದ್ದರು. ದಾಖಲೆಯ ಬಲದ ಮೇಲೆ ಹೆಚ್ಚು ಹೇಳಲಾಗದು.

1943ರ ಏಪ್ರಿಲ್‌ನಲ್ಲಿ ಬಂಧನವಾಗಿ ಬರ್ಲಿನ್ನಿನ ಟೇಗೆಲ್ ಸೆರೆಮನೆ ಸೇರಿದರು. ಮರುವರ್ಷದ ಏಪ್ರಿಲ್ 30ರಂದು ಗೆಳೆಯ ಎಬರ್‌ಹಾರ್ಡ್ ಬೇಟ್ಗೆಗೆ ಬರೆದ ಪತ್ರದಲ್ಲಿ ಒಂದು ಪ್ರಶ್ನೆಯಿದೆ: ಇಂದು ನಮ್ಮ ಪಾಲಿಗೆ ಕ್ರಿಸ್ತ ಯಾರು? ಲೋಕ ಪ್ರಾಯಕ್ಕೆ ಬಂದಿದೆ, ತಿಳಿವಳಿಕೆ ಸಾಲದ ಕಡೆಯಲ್ಲೆಲ್ಲ ದೇವರನ್ನು ತೇಪೆಯಾಗಿ ಹಚ್ಚುವುದು ಇನ್ನು ಸಾಗದು ಎಂದು ಮುಂದಿನ ಪತ್ರಗಳು ವಾದಿಸುತ್ತವೆ. ಒಬ್ಬ ಕಾವಲುಗಾರ ಸೆನ್ಸಾರ್ ಕಣ್ಣು ತಪ್ಪಿಸಿ ಇವನ್ನು ದಾಟಿಸುತ್ತಿದ್ದ. ಗ್ಯಾಸ್ ಮಾಸ್ಕಿನ ಡಬ್ಬಿಗಳಲ್ಲಿ ತುಂಬಿ ಬರ್ಲಿನ್ನಿನ ಮನೆಯ ತೋಟದಲ್ಲಿ ಹೂತಿಟ್ಟಿದ್ದರಿಂದ ಇವು ಉಳಿದವು. ಎಲ್ಲವೂ ಉಳಿಯಲಿಲ್ಲ. ಇಟಲಿಯಲ್ಲಿ ಸೇನೆಯಲ್ಲಿದ್ದ ಬೇಟ್ಗೆ, 1944ರ ಅಕ್ಟೋಬರ್‌ನಲ್ಲಿ ತಮ್ಮ ಬಂಧನದ ಹೊತ್ತಿಗೆ, ಕೈಲಿದ್ದ ಕೊನೆಯ ಪತ್ರಗಳನ್ನು ತಾವೇ ಸುಟ್ಟರು. ಬೋನ್‌ಹೋಫರ್ ಪುಸ್ತಕವೊಂದನ್ನು ಬರೆಯುತ್ತಿದ್ದ ತಿಂಗಳುಗಳ ಪತ್ರಗಳೇ ಅವು. ಪುಸ್ತಕದ ಹಸ್ತಪ್ರತಿಯೂ ಕಾಣೆ. 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬ್ಯುರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು.

ನಮಗೆ ದಕ್ಕಿರುವುದು ಆ ಪುಸ್ತಕದ ರೂಪುರೇಷೆ ಮಾತ್ರ, ಮೂರು ಅಧ್ಯಾಯಗಳದು. 1963ರಲ್ಲಿ ಇಂಗ್ಲೆಂಡಿನ ಬಿಷಪ್ ಜಾನ್ ರಾಬಿನ್‌ಸನ್ ‘ಆನೆಸ್ಟ್ ಟು ಗಾಡ್’ ಪ್ರಕಟಿಸಿದ ಮೇಲೆ, ದೇವರ ಕಲ್ಪನೆಯ ಕುರಿತ ಬೋನ್‌ಹೋಫರ್ ಮಾತುಗಳು ಮನೆಮಾತಾದವು, ಅವುಗಳ ಮೇಲೆ ಜಗಳವೂ ಆಯಿತು. ಮೂರನೆಯ ಅಧ್ಯಾಯದ ಟಿಪ್ಪಣಿಗೆ ಆ ಭಾಗ್ಯ ಬರಲಿಲ್ಲ. ಅಲ್ಲಿರುವುದು ಇಷ್ಟು: ಚರ್ಚು ತನ್ನ ಆಸ್ತಿಯನ್ನೆಲ್ಲ ಇಲ್ಲದವರಿಗೆ ಕೊಟ್ಟುಬಿಡಬೇಕು, ಪಾದ್ರಿಗಳು ಸಭೆಯ ಜನ ಮನಸಾರೆ ಕೊಟ್ಟಿದ್ದರಲ್ಲಿ ಬದುಕಬೇಕು, ಇಲ್ಲವೇ ಬೇರೊಂದು ಉದ್ಯೋಗ ಹಿಡಿಯಬೇಕು. ಕಳೆದುಹೋದ ಪುಟಗಳಲ್ಲಿ ಏನಿತ್ತೆಂದು ತಲೆಕೆಡಿಸಿಕೊಳ್ಳುವ ವಿದ್ವಾಂಸರು ಕಣ್ಣೆದುರಿನ ಈ ಸಾಲುಗಳನ್ನು ದಾಟಿ ಹೋಗುತ್ತಾರೆಂಬುದೇ ನನ್ನ ತಕರಾರು.