ಮನೆಗೆ ಮೆಟ್ಟಿಲು ಎಷ್ಟು?

ನಿಮ್ಮ ಅಂಗಳದಿಂದ ಜಗಲಿಗೆ ಹತ್ತಲು ಮೆಟ್ಟಿಲು ಎಷ್ಟು? ಊರ ಬಾವಿ ಮನೆಯ ಯಾವ ದಿಕ್ಕಿಗಿದೆ? ನಿಮ್ಮ ಸಾಲಿನಲ್ಲಿ ಮೂರನೇ ಮನೆ ಯಾರದು, ಅವರಿಗೆ ಮಕ್ಕಳೆಷ್ಟು? ಅಕ್ಕಿ ಇಡುವುದು ಯಾವ ಮೂಲೆಯಲ್ಲಿ? ಇವೇ ಪ್ರಶ್ನೆಗಳನ್ನು ಹತ್ತಾರು ವರ್ಷದಿಂದ ಪರದೇಶದಲ್ಲಿ ದುಡಿಯುತ್ತಿರುವ ನಿಮ್ಮ ಅಪ್ಪನನ್ನೂ ಬೇರೆಯಾಗಿ ಕೂರಿಸಿ ಕೇಳುತ್ತಾರೆ ಎಂದುಕೊಳ್ಳಿ. ಇಬ್ಬರ ಉತ್ತರ ತಾಳೆಯಾಗದಿದ್ದರೆ ನೀವು ಅವರ ಮಗನೇ ಅಲ್ಲ, ಹಡಗು ಹತ್ತಿ ವಾಪಸ್ಸು.

1910ರಿಂದ 1940ರವರೆಗೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಏಂಜೆಲ್ ದ್ವೀಪದಲ್ಲೊಂದು ವಲಸೆ ಠಾಣೆ ಇತ್ತು. ಅಲ್ಲಿ ಬಂದಿಳಿದ ಚೀನೀಯರನ್ನು ಕೇಳುತ್ತಿದ್ದುದು ಇಂಥ ಪ್ರಶ್ನೆಗಳನ್ನೇ. ವಿಚಾರಣೆಗೆ ಹೇಗೆ ತಯಾರಾಗಬೇಕು ಎಂದು ವಲಸಿಗರಿಗೆ ಹೇಳಿಕೊಡುವ ಕೈಪಿಡಿಗಳು ಇವತ್ತು ಅಮೆರಿಕದಲ್ಲಿ ಬೇಕಾದಷ್ಟಿವೆ. ಅವುಗಳ ಹಳೆಯ ಪೂರ್ವಜರನ್ನು ಹುಡುಕುತ್ತ ಹೋದರೆ ಸಿಗುವುದು ಈ ದ್ವೀಪ.

1882ರ ಕಾಯ್ದೆ ಚೀನೀ ಕೂಲಿಕಾರರಿಗೆ ಬಾಗಿಲು ಮುಚ್ಚಿತ್ತು. ವ್ಯಾಪಾರಿ, ವಿದ್ಯಾರ್ಥಿ, ಶಿಕ್ಷಕರಂಥ ಕೆಲವರಿಗೆ ಮಾತ್ರ ವಿನಾಯಿತಿ. ಆದರೆ ಅಮೆರಿಕದ ನೆಲದಲ್ಲಿ ಹುಟ್ಟಿದವರು ಅಮೆರಿಕದ ಪ್ರಜೆಗಳೇ ಎಂದು 1898ರಲ್ಲಿ ವಾಂಗ್ ಕಿಮ್ ಆರ್ಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಪ್ರಜೆಯ ಮಕ್ಕಳು ಚೀನಾದಲ್ಲಿ ಹುಟ್ಟಿದರೂ ಒಳಗೆ ಬರಬಹುದಿತ್ತು. ಅಷ್ಟರಲ್ಲಿ 1906ರ ಏಪ್ರಿಲ್ 18ರಂದು ಭೂಕಂಪ ಆಯಿತು. ಹಿಂದೆಯೇ ಎದ್ದ ಬೆಂಕಿಗೆ ಸ್ಯಾನ್ ಫ್ರಾನ್ಸಿಸ್ಕೋದ ಜನನ ದಾಖಲೆಗಳು ಸುಟ್ಟುಹೋದವು. ನಾನು ಇಲ್ಲೇ ಹುಟ್ಟಿದವನು ಎಂದರೆ ಸುಳ್ಳೆನ್ನಲು ಸರ್ಕಾರದ ಹತ್ತಿರ ಕಾಗದವೇ ಇರಲಿಲ್ಲ. ಹಾಗೆ ಪ್ರಜೆಯಾದವನು ಚೀನಾಕ್ಕೆ ಹೋಗಿ ಬಂದಾಗಲೆಲ್ಲ ಊರಲ್ಲಿ ಗಂಡುಮಗು ಹುಟ್ಟಿದೆ ಎಂದು ಬರೆಸುತ್ತಿದ್ದ. ಆ ಹೆಸರನ್ನು ಮುಂದೆ ನೆಂಟರ ಹುಡುಗನಿಗೋ ದುಡ್ಡು ಕೊಟ್ಟವನಿಗೋ ದಾಟಿಸುತ್ತಿದ್ದ. ಹೀಗೆ ಬಂದವರನ್ನು 'ಕಾಗದದ ಮಕ್ಕಳು' ಎಂದೇ ಕರೆದರು.

ಸುಳ್ಳು ಎಂದು ಮೂಗು ಮುರಿಯುವ ಮೊದಲು ವಿಚಾರಣೆ ನಡೆಯುತ್ತಿದ್ದ ರೀತಿಯನ್ನೂ ನೋಡಬೇಕು. ವಲಸೆ ಅಧಿಕಾರಿಗಳದೇ ಒಂದು ಮಂಡಳಿ, ಜೊತೆಗೆ ಒಬ್ಬ ಶೀಘ್ರಲಿಪಿಗಾರ, ಒಬ್ಬ ದುಭಾಷಿ. ವಕೀಲನಿಗೆ ಆ ಕೋಣೆಯೊಳಗೆ ಪ್ರವೇಶವಿಲ್ಲ. ತಿರಸ್ಕಾರದ ಆದೇಶ ಬಂದ ಮೇಲೆ ಕಡತ ನೋಡಿ ವಾಷಿಂಗ್ಟನ್‌ಗೆ ಮೇಲ್ಮನವಿ ಬರೆಯುವುದಷ್ಟೇ ಅವನ ಕೆಲಸ. ಪ್ರಶ್ನೆಗಳು ಎರಡು ಮೂರು ದಿನವೂ ನಡೆಯುತ್ತಿದ್ದವು. ಪ್ರಜೆ ಎಂದು ಹೇಳಿಕೊಳ್ಳುವವರ ವಿಷಯದಲ್ಲೂ ವಲಸೆ ಇಲಾಖೆಯ ತೀರ್ಮಾನವೇ ಅಂತಿಮ ಎಂದು 1905ರಲ್ಲಿ ಸುಪ್ರೀಂ ಕೋರ್ಟೇ ಒಪ್ಪಿಬಿಟ್ಟಿತ್ತು.

ಅದಕ್ಕೇ ಬಾಯಿಪಾಠದ ಪುಸ್ತಕಗಳು ಹುಟ್ಟಿದ್ದು. ಕೆಲವು ಹತ್ತಾರು ಪುಟದವು. ತಾತ ಮುತ್ತಾತರ ಹೆಸರು, ಮದುವೆ ಸಾವುಗಳ ದಿನ, ಅಜ್ಜಿಯ ಪಾದ ಕಟ್ಟಿದ್ದೋ ಬಿಟ್ಟಿದ್ದೋ, ಮನೆಯ ಮುಖ ಎತ್ತ, ಎಲ್ಲವೂ ಪ್ರಶ್ನೋತ್ತರ ರೂಪದಲ್ಲಿ. ಊರಿನ ನಕ್ಷೆಯೂ ಇರುತ್ತಿತ್ತು. ಹಡಗಿನಲ್ಲೂ ಉರುಹೊಡೆದು, ದಡ ಕಾಣುವ ಮೊದಲು ಹರಿದು ಸಮುದ್ರಕ್ಕೆ ಎಸೆಯಬೇಕು. ದ್ವೀಪಕ್ಕೆ ಬಂದ ಮೇಲೆ ಹೊಸ ಪ್ರಶ್ನೆ ಎದುರಾದರೆ ಪೇಟೆಯಿಂದ ಚೀಟಿ ಬರುತ್ತಿತ್ತು. ಕಡಲೆಕಾಯಿ ಸಿಪ್ಪೆಯೊಳಗೆ, ಹಣ್ಣಿನೊಳಗೆ ಅಡಗಿಸಿ ಕಳಿಸಿದ ಚೀಟಿಗಳನ್ನು ಅಧಿಕಾರಿಗಳು ಹಿಡಿದದ್ದಿದೆ. ಠಾಣೆಯ ಚೀನೀ ಅಡುಗೆಯವರು ರಜೆಗೆ ಪೇಟೆಗೆ ಹೋದವರು ಬರುವಾಗ ಉತ್ತರ ತಂದು ಊಟದ ಮನೆಯಲ್ಲಿ ದಾಟಿಸುತ್ತಿದ್ದರು. ಅಧಿಕಾರಿಗಳೂ ಕಡಿಮೆಯವರಲ್ಲ, ಕೂಟ ಕಟ್ಟಬಾರದೆಂದು ದುಭಾಷಿಯನ್ನೇ ಬದಲಿಸುತ್ತಿದ್ದರು.

ಈ ಕತೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆಯೇ. ಈ ಪುಸ್ತಕ ಓದಿದವರು ಕಾಗದದ ಮಕ್ಕಳು ಮಾತ್ರ ಅಲ್ಲ, ನಿಜವಾದ ಮಕ್ಕಳೂ ಓದಬೇಕಾಗಿತ್ತು. ಹುಟ್ಟಿ ಬೆಳೆದ ಮನೆಯ ಮೆಟ್ಟಿಲನ್ನು ಯಾರು ಎಣಿಸಿರುತ್ತಾರೆ? ಅಪ್ಪ ಹೋದ ಮೇಲೆ ಒಂದು ಕಿಟಕಿ ಮುಚ್ಚಿಸಿದ್ದರೆ? ನಿಜ ಹೇಳಿ ಸೋಲುವ ಅಪಾಯ, ಸುಳ್ಳು ಕಲಿತು ಗೆಲ್ಲುವ ಅವಕಾಶ ಎರಡೂ ಒಂದೇ ಬೆಂಚಿನಲ್ಲಿ ಕೂತಿದ್ದವು. ದಿನಾಂಕಗಳ ಕತೆಯಂತೂ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರದು ಚಾಂದ್ರಮಾನ, ಕೇಳುವವರದು ಬೇರೆ ಕ್ಯಾಲೆಂಡರ್. ಅಮ್ಮ ಹೇಳುವುದು ಅಮಾವಾಸ್ಯೆಯ ಮಾರನೇ ದಿನ, ಮೇಷ್ಟ್ರು ಬರೆದಿದ್ದು ಜೂನ್ 1. ನಮ್ಮ ಹಳ್ಳಿಗಳಲ್ಲಿ ಇಂಥ ಜೂನ್ 1ರವರು ಎಷ್ಟು ಮಂದಿಯಿಲ್ಲ!

ಅದೇ ಠಾಣೆಗೆ ಭಾರತೀಯರೂ ಬಂದಿದ್ದರು, ಹೆಚ್ಚಿನವರು ಪಂಜಾಬಿನ ರೈತರು. ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನು ತಿರಸ್ಕರಿಸಲಾಯಿತು. ಅವರನ್ನು ಕೇಳುತ್ತಿದ್ದುದು ದುಡ್ಡು ಮತ್ತು ಕೆಲಸದ ಬಗ್ಗೆ. ಇಲ್ಲಿ ಕೆಲಸ ಗೊತ್ತಾಗಿದೆ ಎಂದರೆ ಗುತ್ತಿಗೆ ಕೂಲಿ, 1885ರ ಕಾನೂನಿಗೆ ವಿರುದ್ಧ. ಗೊತ್ತಾಗಿಲ್ಲ ಎಂದರೆ ಸರ್ಕಾರಕ್ಕೆ ಹೊರೆಯಾಗುವವನು. ಏನು ಹೇಳಿದರೂ ಸಿಕ್ಕಿಬೀಳುವ ಪ್ರಶ್ನೆ. 1917ರಲ್ಲಿ ಪ್ರಶ್ನೆಯ ಗೋಜೇ ಬೇಡವೆಂದು ಏಷ್ಯಾದ ಬಹುಭಾಗವನ್ನೇ ನಿಷೇಧಿತ ವಲಯ ಮಾಡಿದರು.

ಚೀನೀಯರ ಮೇಲಿನ ನಿಷೇಧ 1943ರಲ್ಲಿ ರದ್ದಾಯಿತು, ಬಾಯಿಪಾಠ ಮಾತ್ರ ಜೀವನಪೂರ್ತಿ ಉಳಿಯಿತು. ಹೊರಗೆ ಒಂದು ಮನೆತನದ ಹೆಸರು, ಮನೆಯೊಳಗೆ ಇನ್ನೊಂದು. 1956ರಲ್ಲಿ ಸರ್ಕಾರ ತಪ್ಪೊಪ್ಪಿಗೆ ಯೋಜನೆ ತಂದಾಗ ಸುಮಾರು 14 ಸಾವಿರ ಜನ ಹೇಳಿಕೆ ಕೊಟ್ಟರು. ಒಬ್ಬ ಬಾಯಿಬಿಟ್ಟರೆ ಅವನ ಕಾಗದದ ಅಣ್ಣತಮ್ಮಂದಿರೆಲ್ಲ ಬೆಳಕಿಗೆ ಬರುತ್ತಿದ್ದರು.

ವಿಚಾರಣಾಧಿಕಾರಿಗೆ 'ನ್ಯಾಯಾಧೀಶ' ಎಂಬ ಹೆಸರು ಬಂದದ್ದು 1973ರಲ್ಲಿ. 1983ರಲ್ಲಿ ಈ ಕೋರ್ಟುಗಳನ್ನು ವಲಸೆ ಇಲಾಖೆಯಿಂದ ಬೇರೆ ಮಾಡಿದರು. ಆದರೂ ಇವು ಇಂದಿಗೂ ನ್ಯಾಯಾಂಗದ ಭಾಗವಲ್ಲ, ಸರ್ಕಾರದ ನ್ಯಾಯ ಇಲಾಖೆಯ ಕೆಳಗಿವೆ. ವಕೀಲರನ್ನು ಇಟ್ಟುಕೊಳ್ಳಬಹುದು, ಖರ್ಚು ಮಾತ್ರ ನಿಮ್ಮದೇ. ಹಾಗಾಗಿ ಹೇಳಿಕೊಡುವವರು ಮತ್ತೆ ಬೇಕಾದರು. 1989ರಲ್ಲಿ ಅರಿಜೋನಾದ ಫ್ಲಾರೆನ್ಸ್‌ನಲ್ಲಿ ಬಂಧಿತ ವಲಸಿಗರಿಗೆ ಕಾನೂನು ತಿಳಿಸುವ ಸಂಸ್ಥೆ ಶುರುವಾಯಿತು. 2003ರಲ್ಲಿ ಸರ್ಕಾರವೇ ಇಂಥ ತಿಳಿವಳಿಕೆಗೆ ಹಣ ಕೊಡತೊಡಗಿ, 2025ರಲ್ಲಿ ನಿಲ್ಲಿಸಿತು. ಹಿಂದೆ ಕಡಲೆಕಾಯಿಯೊಳಗೆ ಕದ್ದು ಬರುತ್ತಿದ್ದದ್ದು ಇಪ್ಪತ್ತೆರಡು ವರ್ಷ ಸರ್ಕಾರಿ ಲೆಕ್ಕದಲ್ಲಿ ನಡೆಯಿತು!

ಮೆಟ್ಟಿಲಿನ ಪ್ರಶ್ನೆ ಹೋಗಿದೆಯೇ? ಆಶ್ರಯ ಕೋರುವವರ ಹೇಳಿಕೆಯಲ್ಲಿ ಸಣ್ಣ ವ್ಯತ್ಯಾಸ ಕಂಡರೂ, ಅದು ಪ್ರಕರಣದ ಮುಖ್ಯ ವಿಷಯಕ್ಕೆ ಸಂಬಂಧಿಸದಿದ್ದರೂ, ನಂಬಿಕೆಗೆ ಅರ್ಹರಲ್ಲ ಎನ್ನಲು ನ್ಯಾಯಾಧೀಶರಿಗೆ 2005ರ ರಿಯಲ್ ಐಡಿ ಕಾಯ್ದೆ ಅವಕಾಶ ಕೊಟ್ಟಿದೆ. ಅದಕ್ಕೇ ಇಂದಿನ ಕೈಪಿಡಿಗಳು ಒತ್ತಿ ಹೇಳುವುದು: ಹಿಂದೆ ಬರೆದುಕೊಟ್ಟ ಅರ್ಜಿಯನ್ನು ವಿಚಾರಣೆಗೆ ಮುಂಚೆ ಮತ್ತೆ ಓದಿಸಿಕೊಳ್ಳಿ, ತಪ್ಪಿದ್ದರೆ ಮೊದಲೇ ತಿದ್ದಿಸಿ. ನೆನಪಿಲ್ಲದಿದ್ದರೆ ನೆನಪಿಲ್ಲ ಎನ್ನಿ, ಅಂದಾಜು ಹೇಳಬೇಡಿ. ಕೋರ್ಟ್ ಕೊಡುವ ದುಭಾಷಿಗೆ ನೀವು ಹಣ ಕೊಡಬೇಕಿಲ್ಲ. ನಿಮಗೆ ಚೆನ್ನಾಗಿ ಬರುವ ಭಾಷೆ ಯಾವುದೆಂದು ಮೊದಲ ದಿನವೇ ತಿಳಿಸಿ, ಅರ್ಥವಾಗದಿದ್ದರೆ ತಲೆ ಆಡಿಸದೆ ನಿಲ್ಲಿಸಿ ಕೇಳಿ. ಕಾಗದಪತ್ರ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಮತ್ತು ಅನುವಾದಕರ ಸಹಿಯಿರುವ ದೃಢೀಕರಣ ಜೊತೆಗಿರಬೇಕು. ಮನೆ ಬದಲಿಸಿದರೆ 5 ದಿನದೊಳಗೆ ಹೊಸ ವಿಳಾಸವನ್ನು ಕೋರ್ಟಿಗೆ ಬರೆದುಕೊಡಬೇಕು. ಇಲ್ಲದಿದ್ದರೆ ನೋಟಿಸು ಹಳೇ ಮನೆಗೆ ಹೋಗುತ್ತದೆ, ಆ ದಿನ ನೀವು ಬಾರದಿದ್ದರೆ ಒಂದೂ ಪ್ರಶ್ನೆ ಕೇಳದೆ ಗಡೀಪಾರಿನ ಆದೇಶ ಬರೆಯಬಹುದು.