ಮಕ್ಕಳ ಮಾಂಗಾ ಹುಚ್ಚು, ಮಸಿ-ಹಾಳೆಯ ಹಳೇ ಲೆಕ್ಕ

ಅಕ್ಕಂದಿರೇ, ಅತ್ತಿಗೇರೇ, ಓಣಿಯ ಗೆಳತ್ಯಾರೇ, ಈ ಸಲ ಅಡುಗೆ ಮನೆ ಬಿಟ್ಟು ಮಕ್ಕಳ ಪಾಟಿಚೀಲಕ್ಕೆ ಕೈ ಹಾಕೋಣ. ಡೊರೆಮಾನ್, ಶಿನ್‌ಚಾನ್ ನಮ್ಮ ದೇಶದ ಟೀವಿಗೆ ಬಂದಿದ್ದು 2005-06ರ ಸುಮಾರಿಗೆ. ಅವನ್ನ ನೋಡ್ಕೊಂಡು ಅನ್ನ ಉಂಡ ಮಕ್ಳು ಈಗ ದೊಡ್ಡೋರಾಗ್ಯಾವೆ. ಅವುಗಳ ತಮ್ಮ ತಂಗೇರು ಫೋನಲ್ಲಿ ನರುಟೊ ನೋಡ್ತಾವೆ, ನೋಟ್‌ಬುಕ್ಕಿನ ಹಿಂದಿನ ಹಾಳೆ ತುಂಬ ದೊಡ್ಡ ಕಣ್ಣು, ಮುಳ್ಳು ಮುಳ್ಳು ಕೂದಲಿನ ಹುಡುಗರನ್ನ ಬರೀತಾವೆ. ಇದಕ್ಕೆ ಮಾಂಗಾ ಅಂತಾರೆ, ಜಪಾನಿನ ಚಿತ್ರಕಥೆ. ಬರೆಯೋದು ಹೆಚ್ಚಾದಂಗೆ "ಅಮ್ಮಾ, ಮಾಂಗಾ ಕಿಟ್ ತರಿಸಿಕೊಡು" ಅನ್ನೋ ರಗಳೆನೂ ಹೆಚ್ಚಾಗುತ್ತೆ. ಫೋನಲ್ಲಿ ನೋಡಿದ್ರೆ ಒಂದೊಂದು ಕಿಟ್ಟಿಗೆ ಸಾವಿರಗಟ್ಟಲೆ ರೂಪಾಯಿ.

ಆಗ ನಮ್ಮ ಮನೆಗಳಲ್ಲಿ ಎರಡರಲ್ಲಿ ಒಂದು ಆಗುತ್ತೆ. ಒಂದು, "ಓದೋದು ಬಿಟ್ಟು ಇದೇನು" ಅಂತ ಬಾಯಿ ಮುಚ್ಚಿಸ್ತೀವಿ. ಇನ್ನೊಂದು, ಸಾಲ ಮಾಡಿ ತರಿಸಿಕೊಡ್ತೀವಿ, ಅದು ಅಟ್ಟ ಸೇರುತ್ತೆ. ಎಸ್ಸೆಸ್ಸೆಲ್ಸಿ ಬಂತಂದ್ರೆ ಮೊದಲು ಕಟ್ಟಿಡೋದು ಡ್ರಾಯಿಂಗ್ ಬುಕ್ಕನ್ನೇ, ಅದರಲ್ಲೂ ಹೆಣ್ಣುಮಕ್ಳದ್ದು. ಅದಕ್ಕೇ ಈ ಕಪ್ಪು ಗೆರೆಯ ಕಥೆನ ಮೊದಲಿಂದ ಹೇಳ್ತೀನಿ, ಕೇಳ್ರಿ. ಕಥೆ ಗೊತ್ತಾದ್ರೆ ಎಷ್ಟು ರೊಕ್ಕ ಬಿಚ್ಚಬೇಕು ಅನ್ನೋದು ತಾನೇ ತಿಳಿಯುತ್ತೆ.

ಕಲ್ಲಿನ ಕಥೆ, ಕಡತದ ಬರಹ

ಚೌಕ ಚೌಕ ಮಾಡಿ ಕಥೆ ಹೇಳೋದು ನಮ್ಮ ಸೀಮೆಗೆ ಹೊಸದಲ್ಲ. ಹಳ್ಳಿ ಹಳ್ಳಿಲಿ ವೀರಗಲ್ಲು ನಿಂತಿರ್ತಾವೆ. ಅವನ್ನ ಕೆಳಗಿಂದ ಮೇಲಕ್ಕೆ ಓದಬೇಕು. ಕೆಳಗಿನ ಚೌಕದಲ್ಲಿ ಕಾದಾಟ, ನಡುವಿನದ್ರಲ್ಲಿ ಸತ್ತ ವೀರನ್ನ ಅಪ್ಸರೆಯರು ಎತ್ತಿಕೊಂಡು ಹೋಗೋದು, ಮೇಲಿನದ್ರಲ್ಲಿ ಅವನು ಶಿವನ ಮುಂದೆ ಕೂತಿರೋದು. ಜಪಾನಿನೋರು ಬಲದಿಂದ ಎಡಕ್ಕೆ ಓದ್ತಾರೆ, ನಮ್ಮೋರು ಕೆಳಗಿಂದ ಮೇಲಕ್ಕೆ ಓದಿಸಿದ್ರು, ಅಷ್ಟೇ. ಹರಿಹರೇಶ್ವರನ ಗುಡಿಯನ್ನ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು 1224ರಲ್ಲಿ. ಒಂದೇ ಮೈಯಲ್ಲಿ ಅರ್ಧ ಹರಿ, ಅರ್ಧ ಹರ. ಕೈಯಲ್ಲಿ ಹಿಡಿದ ವಸ್ತು ನೋಡಿದ್ರೆ ಸಾಕು, ಯಾವ ಕಡೆ ಯಾವ ದೇವ್ರು ಅಂತ ಓದು ಬಾರದ ಅಜ್ಜಿಗೂ ಗೊತ್ತಾಗುತ್ತೆ. ಚಿತ್ರಕಥೆ ಬರೆಯೋರು ಕಲೀಬೇಕಾದ ಮೊದಲ ಪಾಠ ಇದೇ.

ಬರೆಯೋ ಸಾಮಾನು ಅಗ್ಗ ಮಾಡ್ಕೊಳ್ಳೋದೂ ನಮ್ಮೋರಿಗೆ ಗೊತ್ತಿತ್ತು. ಕಡತ ಅಂತ ಕೇಳೀರಲ್ಲ? ಈಗ ಕಚೇರಿ ಫೈಲಿಗೆ ಆ ಹೆಸರು ಐತೆ. ಹಿಂದೆ ಕಡತ ಅಂದ್ರೆ ಬಟ್ಟೆ. ಹುಣಸೆ ಬೀಜದ ಅಂಟಿಗೆ ಇದ್ದಿಲು ಪುಡಿ ಕಲಸಿ ಬಟ್ಟೆಗೆ ಬಳಿದು ಒಣಗಿಸಿ, ಬೀಸಣಿಗೆ ಹಂಗೆ ಮಡಚಿ ಇಡ್ತಿದ್ರು. ಅದರ ಮೇಲೆ ಬಳಪದಲ್ಲಿ ಲೆಕ್ಕ ಬರೆಯೋದು, ಬೇಡ ಅಂದ್ರೆ ಒರೆಸೋದು, ಮತ್ತೆ ಮಸಿ ಬಳಿಯೋದು. ಹುಣಸೆ ಬೀಜ, ಇದ್ದಿಲು, ಹಳೇ ಬಟ್ಟೆ, ಮೂರೂ ಮನೆಯಲ್ಲೇ ಇದ್ದವು. ಹಾಳೆ ಮೇಲೆ ಬರೆಯೋ ಮಸಿನೂ ಹಂಗೇ. ದೀಪದ ಕಾಡಿಗೆ, ಮರದ ಅಂಟು, ನೀರು. ಚೀನಾ ಜಪಾನಿನ ಮಸಿನೂ ಮೂಲದಲ್ಲಿ ಕಾಡಿಗೆ ಮತ್ತು ಅಂಟೇ. ಈಗ ಕಿಟ್ಟಲ್ಲಿ ಬರೋ ಕರಿ ಮಸಿಗೂ ನಮ್ಮ ಅಜ್ಜಿ ಕಣ್ಣಿಗೆ ಹಚ್ಚಿದ ಕಾಡಿಗೆಗೂ ದೂರದ ನೆಂಟಸ್ತಿಕೆ ಐತೆ ಅಂದಂಗಾಯ್ತು.

ಟಾಕು, ದೌತಿ, ಒಂಟೆ ಮಾರ್ಕು

ನಮ್ಮ ಅಜ್ಜಂದಿರು ಶಾಲೆಗೆ ಹೋಗೋವಾಗ ಟಾಕು ಮತ್ತು ಮಸಿ ದೌತಿ. ಟಾಕು ಅಂದ್ರೆ ಕಟ್ಟಿಗೆ ಹಿಡಿಗೆ ಕಬ್ಬಿಣದ ನಿಬ್ಬು ಸಿಕ್ಕಿಸಿದ ಲೇಖನಿ, ಅದ್ದಿ ಅದ್ದಿ ಬರೀಬೇಕು. ಮಸಿ ಪುಡಿ, ಮಸಿ ಗುಳಿಗೆ ತಂದು ನೀರಲ್ಲಿ ಕರಗಿಸ್ಕೊಳ್ಳೋದು. ಅಂಥ ಪುಡಿ, ಗುಳಿಗೆ ಮಾಡ್ಕೊಂತ 1931ರಲ್ಲಿ ಮುಂಬೈಯಲ್ಲಿ ದಾಂಡೇಕರ್ ಅನ್ನೋರು ಶುರು ಮಾಡಿದ ಅಂಗಡಿನೇ ಮುಂದೆ ಕ್ಯಾಮ್ಲಿನ್ ಆಯ್ತು. ಅದೇ ಒಂಟೆ ಮಾರ್ಕು, ನಾವೆಲ್ಲ ಕಂಪಾಸ್ ಬಾಕ್ಸಿನ ಮೇಲೆ ನೋಡಿದ ಒಂಟೆ. ತಮಾಷೆ ಏನಂದ್ರೆ 2011ರಲ್ಲಿ ಆ ಕಂಪನಿಯ ದೊಡ್ಡ ಪಾಲನ್ನ ಜಪಾನಿನ ಕೊಕುಯೊ ಕಂಪನಿ ಕೊಂಡ್ಕೊಂತು. ಜಪಾನಿನ ಸಾಮಾನೇ ಬೇಕು ಅಂತ ಹಟ ಮಾಡೋ ಮಗುವಿಗೆ "ಒಂಟೆ ಮಾರ್ಕೂ ಈಗ ಜಪಾನಿನೋರದೇ ಕಣೋ" ಅಂತ ಧಾರಾಳವಾಗಿ ಹೇಳ್ಬೋದು! ನಟರಾಜ್ ಪೆನ್ಸಿಲ್ ಮಾಡೋ ಹಿಂದೂಸ್ತಾನ್ ಪೆನ್ಸಿಲ್ಸ್ ಶುರುವಾಗಿದ್ದು 1958ರಲ್ಲಿ, ಅಪ್ಸರಾನೂ ಅವರದ್ದೇ.

ಹಾಳೆ ಮಾತಿಗೆ ಬಂದ್ರೆ, ಹರಿಹರದ ಹೊಳೆ ಆಚೆ ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆಲಿ ಹಾಳೆ ಮಾಡ್ತಾರೆ ಅಂತ ಎಷ್ಟೋ ಜನ ತಿಳ್ಕೊಂಡಾರೆ. ಅಲ್ಲಿ ಮರ ಬೇಯಿಸಿ ತಿರುಳು ಮಾಡೋದು ನಿಜ, ಆದ್ರೆ ಆ ತಿರುಳು ಹೋಗೋದು ಬಟ್ಟೆಯ ನೂಲಿಗೆ. ನಮ್ಮ ಸೀಮೆಗೆ ಹಾಳೆ ಊರು ಅಂದ್ರೆ ಭದ್ರಾವತಿ. ಮೈಸೂರು ಕಾಗದ ಕಾರ್ಖಾನೆ ಅಲ್ಲಿ 1936ರಲ್ಲಿ ಹುಟ್ಟಿತು, ಈಗ ಸುಮಾರು ಹತ್ತು ವರ್ಷದಿಂದ ನಿಂತೈತೆ. ದಾವಣಗೆರೆಯ ಹತ್ತಿ ಗಿರಣಿಗಳ ಹಣೆಬರಹ ಕಂಡ ನಮಗೆ ಆ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡದ ಚಿತ್ರಕಥೆ

ಹಳೇ ಕಾಲದ ಅಚ್ಚುಕೂಟದಲ್ಲಿ ಚಿತ್ರ ಅಚ್ಚಾಗಬೇಕು ಅಂದ್ರೆ ಸತುವಿನ ಬ್ಲಾಕ್ ಮಾಡಿಸಬೇಕಿತ್ತು. ಗೆರೆಯ ಬ್ಲಾಕಿಗೆ ಕರಿ ಗೊತ್ತು, ಬಿಳಿ ಗೊತ್ತು, ನಡುವಿನ ಬೂದು ಗೊತ್ತಿಲ್ಲ. ಅದಕ್ಕೇ ಚಿತ್ರಗಾರರು ನೆರಳು ಬೇಕಾದಾಗ ಸಣ್ಣ ಸಣ್ಣ ಗೆರೆ ಎಳೀತಿದ್ರು, ಚುಕ್ಕಿ ಇಡ್ತಿದ್ರು. ಡಾಕ್ಟರಾಗಿದ್ದ ರಾ. ಶಿವರಾಂ 1942ರಲ್ಲಿ ಶುರು ಮಾಡಿದ 'ಕೊರವಂಜಿ'ಗೆ ಮೈಸೂರಿನ ಹುಡುಗ ಆರ್.ಕೆ. ಲಕ್ಷ್ಮಣ್ ಬರೆದದ್ದು ಹಿಂಥ ಕರಿ ಮಸಿಯ ಚಿತ್ರಗಳನ್ನೇ. ಮುಂಬೈಯ ಜೆ.ಜೆ. ಕಲಾಶಾಲೆ ಅವರನ್ನ ಸೇರಿಸ್ಕೊಂಡಿರಲಿಲ್ಲ. ಮುಂದೆ ಇಡೀ ದೇಶ ಬೆಳಿಗ್ಗೆ ಎದ್ದು ಅವರ ಗೆರೆ ನೋಡ್ತು. 1947ರಲ್ಲಿ ತೆಲುಗು, ತಮಿಳಲ್ಲಿ ಹುಟ್ಟಿದ 'ಚಂದಮಾಮ' ಸ್ವಲ್ಪ ಕಾಲಕ್ಕೆ ಕನ್ನಡಕ್ಕೂ ಬಂತು, ನಮ್ಮ ಕನ್ನಡದವರೇ ಆದ ಎಂ.ಟಿ.ವಿ. ಆಚಾರ್ಯರು ಅದಕ್ಕೆ ಚಿತ್ರ ಬರೆದ್ರು.

'ಅಮರ ಚಿತ್ರಕಥೆ' ಅಂದ ಕೂಡ್ಲೇ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ನೆನಪಾಗ್ತಾರೆ. ಆದ್ರೆ ಅದರ ಮೊದಲ ಹತ್ತು ಪುಸ್ತಕ ಬಂದಿದ್ದು ಕನ್ನಡದಲ್ಲಿ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. 1960ರ ದಶಕದ ನಡುವೆ ಬೆಂಗಳೂರಿನ ಇಂಡಿಯಾ ಬುಕ್ ಹೌಸಿನಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ ಸಿಂಡ್ರೆಲಾದಂಥ ಹೊರದೇಶದ ಕಥೆಗಳು ಕನ್ನಡದಲ್ಲಿ ಬಂದವು. ಅದಕ್ಕೇ ಇಂಗ್ಲಿಷಿನ 'ಕೃಷ್ಣ' ಪುಸ್ತಕದ ನಂಬರು 11. ಆಮೇಲೆ ನಾವೆಲ್ಲ ಬಸ್‌ಸ್ಟ್ಯಾಂಡ್ ಅಂಗಡಿಲಿ ಕೊಂಡು, ಒಬ್ಬರ ಕೈಯಿಂದ ಒಬ್ಬರು ಕಿತ್ಕೊಂಡು ಓದಿದ 'ಬಾಲಮಂಗಳ'ದ ಡಿಂಗ ನಿಮಗೇ ನೆನಪೈತೆ.

ಬೆಂಗಳೂರಿನ ಮಾಯಾ ಕಾಮತ್ ಅವರ ಹೆಸರನ್ನ ಹೆಣ್ಣುಮಕ್ಳಿಗೆ ಹೇಳಲೇಬೇಕು. 1980ರ ದಶಕದಲ್ಲಿ 'ಡೆಕ್ಕನ್ ಹೆರಾಲ್ಡ್' ಪತ್ರಿಕೆಗೆ 'ಗೀತಾ' ಅಂತ ಮನೆಮಂದಿಯ ಕಥೆಯ ಪಟ್ಟಿ ಬರೆಯೋಕೆ ಶುರು ಮಾಡಿದ್ರು. ಗಂಡ, ಮಕ್ಳು, ಅಡುಗೆ ಮನೆ, ಅದೇ ವಸ್ತು. ಅಲ್ಲಿಂದ ರಾಜಕೀಯ ವ್ಯಂಗ್ಯಚಿತ್ರಕ್ಕೆ ಹೋದ್ರು. ಆ ಕಾಲಕ್ಕೆ ಆ ಕೆಲಸದಲ್ಲಿ ಹೆಂಗಸರು ಇಲ್ಲವೇ ಇಲ್ಲ ಅನ್ನೋ ಹಂಗಿತ್ತು. 2001ರಲ್ಲಿ ತೀರ್ಕೊಂಡ್ರು.

ನಮ್ಮ ದಾವಣಗೆರೆಯಲ್ಲೂ ಗೆರೆ ಎಳೆಯೋ ಕೈಗಳಿಗೆ ಬರ ಇರಲಿಲ್ಲ. ನಾಟಕ ಕಂಪನಿಗಳ ಪರದೆ, ಟಾಕೀಸುಗಳ ಬ್ಯಾನರು, ಅಂಗಡಿ ಬೋರ್ಡು, ಎಲ್ಲಾ ಕೈಯಲ್ಲೇ ಬರೀತಿದ್ರು. ಪುಡಿಬಣ್ಣಕ್ಕೆ ಅಂಟು ಕಲಸಿ, ಸಣ್ಣ ಫೋಟೋದ ಮೇಲೆ ಚೌಕ ಹಾಕಿ, ಅದನ್ನೇ ಆಳೆತ್ತರಕ್ಕೆ ಹಿಗ್ಗಿಸೋರು. 1960ರ ದಶಕದಲ್ಲಿ ಶುರುವಾದ ಇಲ್ಲಿಯ ಕಲಾಶಾಲೆ ಈಗ ದಾವಣಗೆರೆ ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯ. ಫ್ಲೆಕ್ಸ್ ಬಂದ ಮೇಲೆ ಬ್ಯಾನರ್ ಬರೆಯೋರ ಕುಂಚ ಒಣಗಿತು. "ಚಿತ್ರ ಬರೆದ್ರೆ ಹೊಟ್ಟೆ ತುಂಬುತ್ತಾ" ಅನ್ನೋ ಅಂಜಿಕೆ ನಮ್ಮ ಮನೆಗಳಿಗೆ ಬಂದಿದ್ದು ಸುಮ್ಮನೆ ಅಲ್ಲ. ಆ ಅಂಜಿಕೆಯನ್ನ ನಾನು ಅಲ್ಲಗಳೆಯಲ್ಲ. ಆದ್ರೆ ಮಗು ಗೆರೆ ಎಳೆಯೋದಕ್ಕೂ ಅದರ ಮುಂದಿನ ಸಂಬಳಕ್ಕೂ ಈಗಲೇ ಗಂಟು ಹಾಕಬ್ಯಾಡ್ರಿ.

ಜಪಾನಿನ ಬಡತನದ ಕಾಲ

ಈಗ ಮಾಂಗಾ ಕಥೆ. 1945ರಲ್ಲಿ ಯುದ್ಧ ಸೋತ ಜಪಾನಿನಲ್ಲಿ ತಿನ್ನೋಕೂ ತತ್ವಾರ, ಹಾಳೆಗೂ ತತ್ವಾರ. ಆಗ ಒಸಾಕಾದಲ್ಲಿ ಕೆಂಪು ಮಸಿಯ ರಟ್ಟು ಹಾಕಿದ, ಒರಟು ಕಾಗದದ ಚಿತ್ರಕಥೆ ಪುಸ್ತಕ ಬಂದವು. 'ಅಕಾಹೋನ್' ಅಂತ ಹೆಸರು, ಅಂದ್ರೆ ಕೆಂಪು ಪುಸ್ತಕ. ಮಿಠಾಯಿ ಅಂಗಡಿಲಿ, ಬೀದಿ ಅಂಗಡಿಲಿ ಮಾರ್ತಿದ್ರು. ವೈದ್ಯಕೀಯ ಓದ್ತಿದ್ದ ಒಸಾಮು ತೆಜುಕಾ ಅನ್ನೋ ಹುಡುಗ 1947ರಲ್ಲಿ ಬರೆದ ನಿಧಿ ದ್ವೀಪದ ಕಥೆ ಹಿಂಥದೇ ಅಗ್ಗದ ಪುಸ್ತಕ, ಲಕ್ಷಗಟ್ಟಲೆ ಖರ್ಚಾಯ್ತು. ಕೊಳ್ಳೋಕಾಗದೋರು ಬಾಡಿಗೆ ಪುಸ್ತಕದಂಗಡಿಯಿಂದ ತಂದು ಓದ್ತಿದ್ರು, ನಮ್ಮಲ್ಲಿ ಕಾದಂಬರಿ ತರ್ತಿದ್ವಲ್ಲ ಹಂಗೆ.

ಮಾಚಿಕೊ ಹಸೆಗಾವಾ ಅನ್ನೋ ಹೆಣ್ಣುಮಗಳು 1946ರಲ್ಲಿ ಊರಿನ ಸಣ್ಣ ಪತ್ರಿಕೆಗೆ 'ಸಜಾಯೆ-ಸಾನ್' ಬರೆಯೋಕೆ ಶುರು ಮಾಡಿದಳು. ನಾಲ್ಕೇ ಚೌಕ. ಒಬ್ಬ ಗೃಹಿಣಿ, ಅವಳ ಗಂಡ, ಅಪ್ಪ ಅವ್ವ, ತಮ್ಮ ತಂಗಿ, ಕೂಡು ಕುಟುಂಬದ ದಿನದಿನದ ರಗಳೆ. ಪುಸ್ತಕ ಮಾಡೋಕೆ ಅಕ್ಕತಂಗೇರೇ ಸೇರಿ ಸ್ವಂತ ಪ್ರಕಾಶನ ಹಾಕಿದ್ರು, ಅದರ ಹೆಸರೂ 'ಅಕ್ಕತಂಗೇರ ಕಂಪನಿ' ಅಂತಲೇ. 1974ರ ತನಕ ಆ ಕಥೆ ನಡೀತು. ಈಗಲೂ ಮಾಂಗಾ ಹೆಚ್ಚಾಗಿ ಕಪ್ಪು-ಬಿಳುಪೇ. ವಾರವಾರ ದಪ್ಪ ಪುಸ್ತಕ ಅಗ್ಗವಾಗಿ ಕೊಡಬೇಕು ಅಂದ್ರೆ ಬಣ್ಣ ಕಟ್ಟೋಕಾಗಲ್ಲ. ಕಮ್ಮಿ ಖರ್ಚಿನ ಆ ಕಟ್ಟುಪಾಡೇ ಈಗ ಅದರ ಚೆಲುವು ಅನ್ನಿಸ್ಕೊಂಡೈತೆ.

ಹಂಗಾದ್ರೆ ಏನು ತಗೋಬೇಕು?

ಮಂಡಿಪೇಟೆ, ಚೌಕಿಪೇಟೆ ಕಡೆ ಹೋದಾಗ ಈ ಲೆಕ್ಕ ಇಟ್ಕೊಳ್ರಿ. ರೇಟು ಅಂಗಡಿಯಿಂದ ಅಂಗಡಿಗೆ ಹೆಚ್ಚುಕಮ್ಮಿ ಇರುತ್ತೆ.

ಹಾಳೆ: ಕಲಿಯೋಕೆ ಝೆರಾಕ್ಸ್ ಹಾಳೆ ಸಾಕು. 500 ಹಾಳೆಯ ಎ4 ಬಂಡಲು ₹300 ಆಜುಬಾಜು ಅಂದ್ರೆ ಹಾಳೆಗೆ 60 ಪೈಸೆ. ಮಸಿ ಹಚ್ಚೋ ಹೊತ್ತಿಗೆ ಮಾತ್ರ 100 ಜಿಎಸ್‌ಎಮ್ಮಿನ ಬಾಂಡ್ ಹಾಳೆ, ಇಲ್ಲಾ ನುಣುಪಾದ ಡ್ರಾಯಿಂಗ್ ಹಾಳೆ. ತೆಳ್ಳನೆ ಹಾಳೆಲಿ ಮಸಿ ಹರಡುತ್ತೆ, ಒರಟು ಹಾಳೆಲಿ ನಿಬ್ಬು ಸಿಕ್ಕಿಕೊಳ್ಳುತ್ತೆ. ಜಪಾನಿನೋರು ಬಿ4 ಅಂದ್ರೆ 257×364 ಮಿ.ಮೀ. ಹಾಳೆ ಮೇಲೆ ದೊಡ್ಡದಾಗಿ ಬರೆದು ಅಚ್ಚಲ್ಲಿ ಚಿಕ್ಕದು ಮಾಡ್ತಾರೆ, ಆಗ ಗೆರೆಯ ನಡುಕ ಕಾಣಲ್ಲ. ನಾವು ಎ3 ಹಾಳೆ ಮೇಲೆ ಬರೆದು ಎ4ಗೆ ಝೆರಾಕ್ಸ್ ಇಳಿಸಿದ್ರೂ ಅದೇ ಉಪಾಯ. ಲಗ್ನಪತ್ರಿಕೆ ಅಚ್ಚು ಮಾಡೋ ಪ್ರೆಸ್ಸಿನಲ್ಲಿ ಕತ್ತರಿಸಿ ಉಳಿದ ದಪ್ಪ ಹಾಳೆ ತುಂಡು ಕೇಳಿ ನೋಡ್ರಿ, ನಾಲ್ಕು ಚೌಕದ ಕಥೆಗೆ ಹೇಳಿ ಮಾಡಿಸಿದಂಗಿರ್ತಾವೆ.

ಪೆನ್ಸಿಲ್: ಒಂದು ಎಚ್‌ಬಿ, ಒಂದು 2ಎಚ್, ಜೊತೆಗೊಂದು ಮೆತ್ತನೆ ರಬ್ಬರು. 2ಎಚ್‌ನಲ್ಲಿ ಹಗುರ ಗೆರೆ ಹಾಕಿದ್ರೆ ಅಳಿಸೋದು ಸುಲಭ. ಒತ್ತಿ ಬರೆದ್ರೆ ಹಾಳೆಗೆ ಗೀರು ಬೀಳುತ್ತೆ, ಮಸಿ ಅದರೊಳಗೆ ಇಳಿಯುತ್ತೆ.

ಮಸಿ: ಇದೇ ಮುಖ್ಯ. ಡ್ರಾಯಿಂಗ್ ಇಂಕ್, ನೀರಿಗೆ ಅಳಿಸದ್ದು ಅಂತ ಕೇಳಿ ತಗೊಳ್ರಿ, ಒಂಟೆ ಮಾರ್ಕಿನಲ್ಲೇ ಸಿಗುತ್ತೆ. ಪೆನ್ನಿಗೆ ತುಂಬೋ ಮಸಿ ರಬ್ಬರಿಗೂ ನೀರಿಗೂ ತಡೆಯಲ್ಲ. ಡ್ರಾಯಿಂಗ್ ಇಂಕನ್ನ ಮಾತ್ರ ಯಾವತ್ತೂ ಫೌಂಟನ್ ಪೆನ್ನಿಗೆ ಹಾಕಬ್ಯಾಡ್ರಿ, ಒಳಗೆ ಗಟ್ಟಿಯಾಗಿ ಪೆನ್ನು ಕೆಡುತ್ತೆ. ಜೆಲ್ ಪೆನ್ ಆದ್ರೆ ಅಂಗಡಿಲೇ ಗೆರೆ ಎಳೆದು, ಒಣಗಿಸಿ, ಒದ್ದೆ ಬೆರಳು ಆಡಿಸಿ ನೋಡ್ರಿ. ಹರಡದಿದ್ರೆ ಹತ್ತು ರೂಪಾಯಿದೂ ನಡೀತೈತೆ.

ನಿಬ್ಬು: ಜಪಾನಿನೋರು ಜಿ-ಪೆನ್ ಅನ್ನೋದು ನಮ್ಮ ಟಾಕಿನ ಜಾತಿನೇ. ಒತ್ತಿದ್ರೆ ದಪ್ಪ, ಸಡಿಲಿಸಿದ್ರೆ ತೆಳ್ಳಗೆ. ಹೊಸ ನಿಬ್ಬಿಗೆ ಎಣ್ಣೆ ಸವರಿರ್ತಾರೆ, ಸೋಪಿನ ನೀರಲ್ಲಿ ತೊಳೆದು ಒರೆಸಿದ್ರೆ ಮಸಿ ಹಿಡಿಯುತ್ತೆ. ನಿಬ್ಬು ಸಿಗದಿದ್ರೆ 2ನೇ ನಂಬರಿನ ದುಂಡು ಕುಂಚ ಸಾಕು. ನಮ್ಮೂರ ಬಿಸಿಲಿಗೆ ಮಸಿ ನಿಬ್ಬಿನ ಮೇಲೇ ಒಣಗುತ್ತೆ, ಪಕ್ಕದಲ್ಲಿ ಹಳೇ ಹತ್ತಿ ಸೀರೆಯ ತುಂಡು ಇರಲಿ.

ಸ್ಕೇಲು: ಸ್ಟೀಲ್ ಸ್ಕೇಲಿನ ಅಡಿಗೆ ಎರಡು ನಾಣ್ಯ ಅಂಟಿಸಿದ್ರೆ ಅದು ಹಾಳೆಯಿಂದ ಸ್ವಲ್ಪ ಮೇಲೆ ನಿಲ್ಲುತ್ತೆ, ಮಸಿ ಅಡಿಗೆ ನುಗ್ಗಲ್ಲ.

ಬಿಳಿ: ಸಣ್ಣ ಬಾಟ್ಲಿ ಬಿಳಿ ಪೋಸ್ಟರ್ ಕಲರ್. ತಿದ್ದೋದಕ್ಕೂ ಆಯ್ತು, ಕಣ್ಣಿನ ಹೊಳಪಿಗೂ ಆಯ್ತು.

ನೆರಳು: ಮಾಂಗಾದ ಬೂದು ಬಣ್ಣ ಅಂದ್ರೆ ಚುಕ್ಕಿ ಅಚ್ಚಾದ ಅಂಟು ಹಾಳೆ, ಸ್ಕ್ರೀನ್‌ಟೋನ್ ಅಂತಾರೆ. ದುಬಾರಿ, ಬ್ಯಾಡವೇ ಬ್ಯಾಡ. ಕೈಯಲ್ಲೇ ಚುಕ್ಕಿ ಇಡಲಿ, ರಂಗೋಲಿ ಚುಕ್ಕಿ ಇಟ್ಟ ಮನೆ ಮಕ್ಳಿಗೆ ಇದೇನು ಕಷ್ಟ? ಇಲ್ಲಾ ಹಗಲು ಬೆಳಕಲ್ಲಿ ಫೋನಿಂದ ಫೋಟೋ ತೆಗೆದು, ಐಬಿಸ್‌ಪೇಂಟ್‌ನಂಥ ಪುಕ್ಕಟೆ ಆ್ಯಪಲ್ಲಿ ನೆರಳು ಹಾಕಲಿ.

ಬಂಡಲು ಹಾಳೆ ಬಿಟ್ಟು ಉಳಿದದ್ದೆಲ್ಲ ಕೂಡಿಸಿದ್ರೆ ಮುನ್ನೂರು ರೂಪಾಯಿ ಸುತ್ತಮುತ್ತ ಬರುತ್ತೆ. ಆಲ್ಕೋಹಾಲ್ ಮಾರ್ಕರು, ಐವತ್ತು ಬಣ್ಣದ ಡಬ್ಬಿ, ಲೈಟ್ ಬಾಕ್ಸು, ಇವ್ಯಾವೂ ಮೊದಲ ವರ್ಷಕ್ಕೆ ಬ್ಯಾಡ. ಕಿಟಕಿ ಗಾಜಿಗೆ ಹಾಳೆ ಹಿಡಿದ್ರೆ ಅದೇ ಲೈಟ್ ಬಾಕ್ಸು.

ಒಂದು ಶರತ್ತು ಮಾತ್ರ ಹಾಕ್ರಿ. ಮೊದಲು ನಾಲ್ಕು ಚೌಕದ ಒಂದು ಕಥೆ ಪೂರ್ತಿ ಮುಗಿಸಲಿ, ಮನೆಯದೇ ಕಥೆ, ಕನ್ನಡದ್ದೇ ಮಾತು. ಅಜ್ಜಿ ಮಂಡಕ್ಕಿ ಒಗ್ಗರಣೆ ಹಾಕೋದೂ ಕಥೆಯೇ, ಸಂಜೆ ಹರಿಹರದ ಬಸ್ಸಿನ ನೂಕುನುಗ್ಗಲೂ ಕಥೆಯೇ. ಹಂಥ ಹತ್ತು ಕಥೆ ಮುಗಿಸಿದ ಮೇಲೆ ಒಳ್ಳೇ ನಿಬ್ಬು ಕೇಳಿದ್ರೆ ಕೊಡಿಸ್ರಿ, ಆಗ ಅದು ಅಟ್ಟ ಸೇರಲ್ಲ. ಶಾಲೆಯ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಕಟ್ಟಿಸಿದ್ರೂ ಕೈ ಪಳಗುತ್ತೆ. ಎಸ್ಸೆಸ್ಸೆಲ್ಸಿ ವರ್ಷ ದಿನಕ್ಕೆ ಅರ್ಧ ತಾಸು ಗೆರೆ ಎಳೆದ್ರೆ ಲೆಕ್ಕ, ವಿಜ್ಞಾನ ಓಡಿ ಹೋಗಲ್ಲ. ನಿಮ್ಮ ಮನೆ ಮಗಳು ಬರೆದದ್ದನ್ನ ಒಂದು ಝೆರಾಕ್ಸ್ ತೆಗೆಸಿ ಓಣಿಯಲ್ಲಿ ಹಂಚ್ರಿ. ಓದೋಕೆ ನಾಲ್ಕು ಮಂದಿ ಅದಾರೆ ಅಂತ ಗೊತ್ತಾದ್ರೆ ಅವಳು ಐದನೇ ಚೌಕ ತಾನೇ ಹಾಕ್ಕೊಂತಾಳೆ.